ಸಿಟ್ಟು ಕಾಣುತ್ತದೆ, ಸೊಕ್ಕು ಅಡಗಿರುತ್ತದೆ: ಕೋಪ ಮತ್ತು ಗರ್ವದ ಬಗ್ಗೆ ಕ್ರೈಸ್ತ ಪರಂಪರೆ ಹೇಳುವುದೇನು?

ಬೂದಿ ಬುಧವಾರ ಬಂದು ತಪಸ್ಸುಕಾಲದ ನಲವತ್ತು ದಿನ ಶುರುವಾದರೆ ಕಥೋಲಿಕ ಚರ್ಚುಗಳಲ್ಲಿ ಪಾಪನಿವೇದನೆಗೆ ಜನ ಸಾಲುಗಟ್ಟುತ್ತಾರೆ. ಅದಕ್ಕೆ ತಯಾರಾಗುವವರಿಗೆ ‘ಸಿಟ್ಟು ಮಾಡಿಕೊಂಡೆ’ ಎಂಬುದು ಸುಲಭವಾಗಿ ನೆನಪಾಗುತ್ತದೆ. ಯಾರ ಮೇಲೆ, ಯಾವತ್ತು, ಎಷ್ಟು ಜೋರಾಗಿ ಕೂಗಾಡಿದೆ ಎಂಬುದಕ್ಕೆಲ್ಲ ಲೆಕ್ಕ ಸಿಗುತ್ತದೆ. ‘ಗರ್ವಪಟ್ಟೆ’ ಎಂಬುದು ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಸಿಟ್ಟಿಗೆ ಮನೆಮಂದಿಯೆಲ್ಲ ಸಾಕ್ಷಿ, ಗರ್ವಕ್ಕೆ ಸಾಕ್ಷಿಯೇ ಇಲ್ಲ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಮುಂಚೆ ಮಾಡಿಕೊಳ್ಳುವ ಆತ್ಮಪರಿಶೋಧನೆಯಲ್ಲೂ ಇದೇ ತೊಡಕು.

ಇದರ ಜೊತೆಗೆ ಕೆಲವು ಹಳೆಯ ಪ್ರಶ್ನೆಗಳೂ ಏಳುತ್ತವೆ. ಸಿಟ್ಟು ಬರುವುದೇ ಪಾಪವೇ? ಹಾಗಿದ್ದರೆ ಯೇಸು ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿದ್ದು ಯಾವ ಲೆಕ್ಕ? ಸ್ವಾಭಿಮಾನವೂ ಗರ್ವವೇ? ‘ತಗ್ಗಿ ನಡೆಯಿರಿ’ ಎಂದರೆ ಕಂಡವರಿಂದೆಲ್ಲ ತುಳಿಸಿಕೊಳ್ಳಿ ಎಂದೇ? ಉತ್ತರಕ್ಕೆ ಮೊದಲು ಪದಗಳನ್ನು ಬಿಡಿಸಿ ನೋಡಬೇಕು.

ಮೂಗು, ಎತ್ತರ, ಉಬ್ಬು

ಮಾತುಮಾತಿಗೆ ಸಿಡುಕುವವರನ್ನು ನಾವು ‘ಮೂಗಿನ ತುದಿಯಲ್ಲೇ ಕೋಪ’ ಅನ್ನುತ್ತೇವೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಈ ನಂಟು ಇನ್ನೂ ಗಟ್ಟಿ. ಅಲ್ಲಿ ‘ಅಫ್’ ಎಂಬ ಒಂದೇ ಪದಕ್ಕೆ ಮೂಗು ಎಂದೂ ಕೋಪ ಎಂದೂ ಅರ್ಥ. ಸಿಟ್ಟು ಬಂತು ಎನ್ನಲು ‘ಮೂಗು ಉರಿಯಿತು’ ಎಂಬ ನುಡಿಗಟ್ಟು ಬಳಸುತ್ತಾರೆ. ವಿಮೋಚನಕಾಂಡ 34:6ರಲ್ಲಿ ದೇವರನ್ನು ‘ದೀರ್ಘಶಾಂತ’ ಎಂದು ಕರೆಯುವ ಕಡೆ ಮೂಲದಲ್ಲಿರುವುದು ಅಕ್ಷರಶಃ ‘ಉದ್ದ ಮೂಗಿನವನು’. ಉಸಿರು ಬಿಸಿಯೇರಲು ಬಹಳ ಹೊತ್ತು ಹಿಡಿಯುವವನು ಎಂಬುದು ಅದರ ಭಾವ. ಬೈಬಲಿನ ದೇವರಿಗೆ ಕೋಪವೇ ಬರುವುದಿಲ್ಲ ಎಂದು ಈ ಮಾತು ಹೇಳುವುದಿಲ್ಲ, ತಡವಾಗಿ ಬರುತ್ತದೆ ಎನ್ನುತ್ತದೆ. ಮುಂದಿನ ವಾದಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕೋಪಕ್ಕೆ ಮುಖ್ಯವಾಗಿ ಎರಡು ಪದಗಳಿವೆ. ‘ಥುಮೋಸ್’ ಎಂದರೆ ಭುಗಿಲ್ಲೆಂದು ಎದ್ದು ಬೇಗ ಇಳಿಯುವುದು, ಒಣಹುಲ್ಲಿನ ಬೆಂಕಿಯ ಹಾಗೆ. ‘ಒರ್ಗೆ’ ಎಂದರೆ ನೆಲೆಯೂರಿದ ಕೋಪ, ಭತ್ತದ ಹೊಟ್ಟಿನ ರಾಶಿಗೆ ಬಿದ್ದ ಬೆಂಕಿಯ ಹಾಗೆ. ಹೊರಗೆ ಬರೀ ಹೊಗೆ, ಒಳಗೆ ದಿನಗಟ್ಟಲೆ ಕೆಂಡ. ಎರಡೂ ಪದಗಳು ಎಷ್ಟೋ ಕಡೆ ಒಂದರ ಬದಲು ಇನ್ನೊಂದಾಗಿ ಬರುವುದೂ ಉಂಟು. ಎಫೆಸದವರಿಗೆ ಬರೆದ ಪತ್ರಿಕೆ 4:31ರಲ್ಲಿ ಇವೆರಡಕ್ಕೂ ಮುಂಚೆ ‘ಪಿಕ್ರಿಯ’ ಎಂಬ ಮೂರನೆಯದು ಬರುತ್ತದೆ. ಅದರರ್ಥ ಕಹಿ. ನಮ್ಮ ಹಗೆ, ಸೆಡವು ಇದಕ್ಕೆ ಹತ್ತಿರದ ಪದಗಳು.

ಗರ್ವದ ಹೀಬ್ರೂ ಪದಗಳು ಎತ್ತರದಿಂದ ಹುಟ್ಟಿದವು. ಗ್ರೀಕಿನ ‘ಹುಪೆರೆಫಾನಿಯ’ ಎಂದರೆ ಉಳಿದವರಿಗಿಂತ ಮೇಲೆ ಕಾಣಿಸಿಕೊಳ್ಳುವುದು. ಪೌಲ ಕೊರಿಂಥದವರಿಗೆ ಬರೆಯುವಾಗ ಮತ್ತೆಮತ್ತೆ ಬಳಸುವ ಪದ ‘ಉಬ್ಬಿಸು’, ತಿದಿಯೊಳಗೆ ಗಾಳಿ ತುಂಬಿದ ಹಾಗೆ. ಗಾತ್ರ ಹೆಚ್ಚುತ್ತದೆ, ತೂಕ ಮಾತ್ರ ಇದ್ದಷ್ಟೇ.

ಮರುಭೂಮಿಯಲ್ಲಿ ಹುಟ್ಟಿದ ಪಟ್ಟಿ

ಕೋಪ, ಗರ್ವಗಳನ್ನು ಕ್ರಮವಾಗಿ ಗಮನಿಸಿ ಬರೆದಿಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಎವಾಗ್ರಿಯಸ್ (ಸುಮಾರು 345–399). ಕಾನ್ಸ್ಟಾಂಟಿನೋಪಲ್‌ನಂಥ ರಾಜಧಾನಿಯಲ್ಲಿದ್ದ ಪಂಡಿತ ಆಮೇಲೆ ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಯಾಗಿ ನೆಲೆಸಿದರು. ಮನುಷ್ಯನನ್ನು ಕಾಡುವ ಎಂಟನ್ನು ಅವರು ಪಟ್ಟಿ ಮಾಡಿದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಜಡತೆ, ಕೀರ್ತಿಯ ಚಪಲ, ಗರ್ವ.

ಇವನ್ನು ಅವರು ಪಾಪ ಎನ್ನಲಿಲ್ಲ, ‘ಆಲೋಚನೆಗಳು’ ಎಂದರು. ಆಲೋಚನೆ ಬಂದು ಕಾಡುವುದು ನಮ್ಮ ಕೈಯಲ್ಲಿಲ್ಲ, ಅದು ಒಳಗೆ ತಂಗಬೇಕೋ ಬೇಡವೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ ಎಂಬುದು ಅವರ ಎಣಿಕೆ. ಜಗಲಿಗೆ ಯಾರು ಬೇಕಾದರೂ ಬಂದು ಕೂರಬಹುದು. ಚಾಪೆ ಹಾಸಿ, ಊಟಕ್ಕಿಟ್ಟು, ರಾತ್ರಿ ಉಳಿಸಿಕೊಳ್ಳುವುದು ಮನೆಯವರ ತೀರ್ಮಾನ. ‘ಸಿಟ್ಟು ಬರುವುದೇ ಪಾಪವೇ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ.

ಕೋಪದ ಬಗ್ಗೆ ಅವರು ಬರೆದದ್ದು ಇವತ್ತಿಗೂ ನಿಖರ. ನೋಯಿಸಿದವನ ಮೇಲೆ, ಇಲ್ಲವೇ ನೋಯಿಸಿದನೆಂದು *ನಾವು ಅಂದುಕೊಂಡವನ* ಮೇಲೆ ಉಕ್ಕುವ ಕುದಿ ಅದು. ಪ್ರಾರ್ಥನೆಗೆ ಕೂತ ಹೊತ್ತಿನಲ್ಲೇ ಆ ವ್ಯಕ್ತಿಯ ಮುಖವನ್ನು ಕಣ್ಣಮುಂದೆ ತಂದು ನಿಲ್ಲಿಸುತ್ತದೆ. ಬಿಡದಿದ್ದರೆ ಹಗೆಯಾಗಿ ಹೆಪ್ಪುಗಟ್ಟುತ್ತದೆ, ರಾತ್ರಿ ಕೆಟ್ಟ ಕನಸಾಗುತ್ತದೆ.

ಈ ಪಟ್ಟಿಯನ್ನು ಐದನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಾರ್ಸೇಲ್ಸಿಗೆ, ಲ್ಯಾಟಿನ್ ಓದುಗರಿಗೆ ತಲುಪಿಸಿದವರು ಜಾನ್ ಕ್ಯಾಸಿಯನ್. ಜನರಿಂದ ದೂರ ಹೋದರೆ ಸಿಟ್ಟು ತಾನಾಗಿ ಹೋಗುತ್ತದೆ ಎಂಬ ನಂಬಿಕೆಯನ್ನು ಅವರು ತಮ್ಮನ್ನೇ ಉದಾಹರಣೆ ಕೊಟ್ಟು ಒಡೆದರು. ಮರುಭೂಮಿಯಲ್ಲಿ ಒಬ್ಬರೇ ಇದ್ದಾಗಲೂ ಅವರಿಗೆ ಬರೆಯುವ ಜೊಂಡಿನ ಲೇಖನಿ ದಪ್ಪವಾಯಿತೆಂದು ಸಿಟ್ಟು ಬರುತ್ತಿತ್ತಂತೆ, ಚಾಕು ಮೊಂಡಾಯಿತೆಂದು, ಚಕಮಕಿ ಕಲ್ಲು ಬೇಗ ಕಿಡಿ ಕೊಡಲಿಲ್ಲವೆಂದು ಕೂಡ. ಮೊಬೈಲ್ ನೆಟ್‌ವರ್ಕ್ ಸಿಗದಿದ್ದಾಗ ಫೋನನ್ನೇ ಬೈಯುವವರಿಗೆ ಇದು ಹೊಸದೇನಲ್ಲ. ಎದುರಾಳಿ ಇಲ್ಲದೆಯೂ ಸಿಟ್ಟು ಹುಟ್ಟುತ್ತದೆ ಎಂದಮೇಲೆ ಅದರ ಬೇರು ಎದುರಾಳಿಯಲ್ಲಿ ಇರಲಾರದು.

590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿ ಪಟ್ಟಿಯನ್ನು ತಿದ್ದಿದರು. ಗರ್ವವನ್ನು ಉಳಿದವುಗಳ ಸಾಲಿನಿಂದ ಎತ್ತಿ ಎಲ್ಲದರ ಬೇರು ಎಂದು ಬೇರೆಯಾಗಿ ಇಟ್ಟರು. ಅದರಿಂದ ಹುಟ್ಟುವ ಏಳರಲ್ಲಿ ಮೊದಲ ನಾಲ್ಕಕ್ಕೆ ಅವರು ಕೊಟ್ಟ ವಂಶಾವಳಿ ಹೀಗಿದೆ: ಕೀರ್ತಿಯ ಚಪಲ ಮತ್ಸರವನ್ನು ಹೆರುತ್ತದೆ, ಮತ್ಸರ ಕೋಪವನ್ನು, ಕೋಪ ದುಃಖವನ್ನು. ಆಫೀಸಿನ ಮಟ್ಟಿಗೆ ಹೇಳುವುದಾದರೆ, ನನಗೆ ಬರಬೇಕಿದ್ದ ಹೊಗಳಿಕೆ ಪಕ್ಕದ ಟೇಬಲಿನವನಿಗೆ ಹೋಯಿತು. ಅಂದಿನಿಂದ ಅವನ ಏಳಿಗೆ ಕಣ್ಣು ಕುಕ್ಕುತ್ತದೆ. ಆಮೇಲೆ ಅವನ ಸಾಮಾನ್ಯ ಮಾತೂ ಚುಚ್ಚುಮಾತಾಗಿ ಕೇಳುತ್ತದೆ. ತೀರಿಸಿಕೊಳ್ಳಲಾಗದ ಸಿಟ್ಟು ಕಡೆಗೆ ಮಂಕಾಗಿ ಕೂರುತ್ತದೆ.

ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಅರಿಷಡ್ವರ್ಗ ಗೊತ್ತಿರುವ ಕನ್ನಡಿಗರಿಗೆ ಇದು ಪರಿಚಿತ ಎನ್ನಿಸುತ್ತದೆ. ಎರಡೂ ಪಟ್ಟಿಗಳಲ್ಲಿ ಕ್ರೋಧ, ಮದ ಇವೆ. ಗ್ರೆಗೊರಿಯ ಪಟ್ಟಿಯ ವಿಶೇಷ ಎಂದರೆ ಮದವೇ ಅಲ್ಲಿ ತಾಯಿಬೇರು.

ಗರ್ವ ಯಾವುದು, ಯಾವುದು ಅಲ್ಲ

ಇಲ್ಲಿ ಒಂದು ಭಾಷೆಯ ತೊಡಕಿದೆ. ಪ್ರವಚನಗಳಲ್ಲಿ ಗರ್ವಕ್ಕೆ ‘ಅಹಂಕಾರ’ ಎಂಬ ಪದ ಧಾರಾಳವಾಗಿ ಬರುತ್ತದೆ. ಭಾರತೀಯ ದರ್ಶನಗಳಲ್ಲಿ, ಉದಾಹರಣೆಗೆ ಸಾಂಖ್ಯದಲ್ಲಿ, ಅಹಂಕಾರ ಎಂದರೆ ‘ನಾನು’ ಎಂಬ ಅರಿವನ್ನು ಉಂಟುಮಾಡುವ ಒಂದು ತತ್ತ್ವ. ಕ್ರೈಸ್ತ ಚಿಂತನೆಯಲ್ಲಿ ‘ನಾನು’ ಎಂಬುದು ಕಳಚಿ ಎಸೆಯಬೇಕಾದದ್ದಲ್ಲ. ಅದು ದೇವರ ಸೃಷ್ಟಿ, ಒಳ್ಳೆಯದು. ಅದು ಕೂತಿರುವ ಜಾಗ ತಪ್ಪಾದಾಗ ಗರ್ವವಾಗುತ್ತದೆ. ಅಗಸ್ಟೀನ್ (354–430) ಇದನ್ನೇ ತಿರುಚಿದ ಎತ್ತರದ ಹಂಬಲ ಎಂದರು: ಯಾರಿಗೆ ಅಂಟಿಕೊಂಡಿರಬೇಕೋ ಆ ದೇವರನ್ನು ಬಿಟ್ಟು ತನಗೆ ತಾನೇ ಆಧಾರವಾಗಲು ಹೊರಡುವುದು. ಒಂದು ಸಾವಿರ ವರ್ಷದ ನಂತರ 1515–16ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಪಾಠ ಹೇಳುತ್ತಾ ಮಾರ್ಟಿನ್ ಲೂಥರ್ ಮನುಷ್ಯ ‘ತನ್ನೊಳಕ್ಕೇ ಬಾಗಿಕೊಂಡಿದ್ದಾನೆ’ ಎಂದರು. ಕಾಲ್ಬೆರಳಿನಲ್ಲಿ ಒಳಮುಖವಾಗಿ ಬೆಳೆಯುವ ಉಗುರನ್ನು ನೆನೆಸಿಕೊಳ್ಳಿ. ಉಗುರು ಇರಬೇಕಾದದ್ದೇ, ಬೆಳೆಯಬೇಕಾದದ್ದೇ. ದಿಕ್ಕು ತಪ್ಪಿದ್ದರಿಂದ ಕೀವಾಗಿದೆ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಈ ಮುಟ್ಟಿದಾಗಿನ ನೋವೇ ಎಷ್ಟೋ ಸಲ ಕೋಪ.

ಮಾತೃಭಾಷೆಯ ಮೇಲಿನ ಅಭಿಮಾನ, ಮಗಳು ಪಾಸಾದಾಗಿನ ಹೆಮ್ಮೆ, ಕೂಲಿ ಬಾಕಿ ಕೇಳುವಾಗಿನ ಸ್ವಾಭಿಮಾನ ಇವು ಗರ್ವದ ಲೆಕ್ಕಕ್ಕೆ ಬರುವುದಿಲ್ಲ. ರೋಮಾಪುರದವರಿಗೆ 12:3ರಲ್ಲಿ ಪೌಲ ಕೇಳುವುದು ತನ್ನನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸದೆ ಸ್ವಸ್ಥಬುದ್ಧಿಯಿಂದ ಅಳೆದುಕೊಳ್ಳಿ ಎಂದು. ತಕ್ಕಡಿ ಸರಿಯಿರಲಿ ಎಂಬುದಷ್ಟೇ ಅದರ ಅರ್ಥ.

ಕೀರ್ತಿಯ ಚಪಲಕ್ಕೂ ಗರ್ವಕ್ಕೂ ಮರುಭೂಮಿಯವರು ಗೆರೆ ಎಳೆದಿದ್ದರು. ಮೊದಲನೆಯದಕ್ಕೆ ಪ್ರೇಕ್ಷಕರು ಬೇಕು, ಎರಡನೆಯದಕ್ಕೆ ಬೇಡ. ದೇಣಿಗೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು ಚಪಲ. ಹೆಸರೇ ಬೇಡ ಎಂದು ಹೇಳಿ, ‘ಇವರ ಹಾಗೆ ನನಗೆ ಹೆಸರಿನ ಹುಚ್ಚಿಲ್ಲ’ ಎಂದು ಒಳಗೊಳಗೇ ನಗುವುದು ಗರ್ವ.

ಗ್ರೆಗೊರಿ ಗುರುತಿಸಿದ, ಹದಿಮೂರನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಒಪ್ಪಿ ವಿವರಿಸಿದ ನಾಲ್ಕು ಬಗೆಗಳು ಪರೀಕ್ಷೆಗೆ ಒಳ್ಳೆಯ ಮಾನದಂಡ. ನನ್ನಲ್ಲಿರುವ ಒಳ್ಳೆಯದು ನನ್ನಿಂದಲೇ ಬಂತು ಎಂಬುದು ಒಂದು. ದೇವರು ಕೊಟ್ಟದ್ದು ನಿಜ, ಆದರೆ ನನ್ನ ಯೋಗ್ಯತೆ ನೋಡಿ ಕೊಟ್ಟ ಎಂಬುದು ಎರಡು. ಇಲ್ಲದ್ದನ್ನು ಇದೆ ಎಂದು ಕೊಚ್ಚಿಕೊಳ್ಳುವುದು ಮೂರು. ಇದ್ದದ್ದು ನನ್ನೊಬ್ಬನಲ್ಲೇ ಇದೆ ಎಂದು ಬೀಗಿ ಉಳಿದವರನ್ನು ಕೀಳಾಗಿ ಕಾಣುವುದು ನಾಲ್ಕು. ಮೂರನೆಯದು ಎಲ್ಲರ ಕಣ್ಣಿಗೂ ಬೀಳುವ ಜಂಭ, ಹಾಗಾಗಿ ಅಪಾಯ ಕಡಿಮೆ. ಎರಡನೆಯದು ಭಕ್ತಿಯ ವೇಷದಲ್ಲೇ ಓಡಾಡುತ್ತದೆ. ನಾಲ್ಕನೆಯದಕ್ಕೆ ಲೂಕನ ಸುವಾರ್ತೆ 18ರ ಕಥೆಯಲ್ಲಿ ದೇವಾಲಯಕ್ಕೆ ಪ್ರಾರ್ಥಿಸಲು ಬಂದ ಫರಿಸಾಯನೇ (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಥದವನು) ಉದಾಹರಣೆ. ಅವನು ವಾರಕ್ಕೆರಡು ಉಪವಾಸ ಮಾಡಿದ್ದು, ಸಂಪಾದನೆಯಲ್ಲಿ ಹತ್ತರಲ್ಲೊಂದು ಕೊಟ್ಟದ್ದು ಸುಳ್ಳೆಂದು ಕಥೆ ಎಲ್ಲೂ ಹೇಳುವುದಿಲ್ಲ. ದೇವರಿಗೆ ಕೃತಜ್ಞತೆ ಹೇಳಿಯೇ ಅವನು ಮಾತು ಆರಂಭಿಸುತ್ತಾನೆ. ‘ಈ ಸುಂಕದವನ ಹಾಗಲ್ಲ’ ಎಂದು ಪಕ್ಕಕ್ಕೆ ಹೊರಳಿದ ಒಂದು ನೋಟ ಎಲ್ಲವನ್ನೂ ಕೆಡಿಸಿತು.

ನಾಮಾನನ ಸಿಟ್ಟು

ಗರ್ವಕ್ಕೂ ಕೋಪಕ್ಕೂ ಇರುವ ಕೊಂಡಿ ಕಣ್ಣಿಗೆ ಕಟ್ಟುವಂತೆ ಕಾಣುವುದು ಅರಸುಗಳ ಎರಡನೇ ಪುಸ್ತಕದ 5ನೇ ಅಧ್ಯಾಯದಲ್ಲಿ. ನಾಮಾನ ಅರಾಮ್ ದೇಶದ ಸೇನಾಪತಿ. ಅವನಿಗೆ ಚರ್ಮರೋಗ. ಇಸ್ರಾಯೇಲಿನಲ್ಲೊಬ್ಬ ಪ್ರವಾದಿ ಇದ್ದಾನೆ, ವಾಸಿ ಮಾಡುತ್ತಾನೆ ಎಂದು ತಿಳಿಸಿದವಳು ಸೆರೆಯಾಗಿ ತಂದ ಪುಟ್ಟ ಕೆಲಸದ ಹುಡುಗಿ. ಅವನು ಹೊರಟದ್ದು ಹತ್ತು ತಲಾಂತು ಬೆಳ್ಳಿ, 6,000 ಶೆಕೆಲ್ ಬಂಗಾರ, ಹತ್ತು ಜೊತೆ ಬಟ್ಟೆಯೊಂದಿಗೆ. ಇಂದಿನ ತೂಕದಲ್ಲಿ ಬೆಳ್ಳಿಯೇ ಮುನ್ನೂರು ಕಿಲೋಗೂ ಹೆಚ್ಚು, ಬಂಗಾರ ಅರುವತ್ತು ಕಿಲೋಗೂ ಹೆಚ್ಚು.

ಕುದುರೆ, ರಥಗಳೊಂದಿಗೆ ಎಲೀಷನ ಮನೆಬಾಗಿಲಿಗೆ ಬಂದು ನಿಂತ. ಎಲೀಷ ಹೊರಗೇ ಬರಲಿಲ್ಲ. ಆಳಿನ ಕೈಲಿ ‘ಹೋಗಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು’ ಎಂದು ಹೇಳಿಕಳಿಸಿದ. ನಾಮಾನ ಕೆರಳಿದ. ಅವನ ಮಾತಿನ ಸಾರ ಇದು: ಅವನು ಖುದ್ದಾಗಿ ನನ್ನ ಹತ್ತಿರ ಬರುತ್ತಾನೆ, ನಿಲ್ಲುತ್ತಾನೆ, ದೇವರ ಹೆಸರು ಹೇಳುತ್ತಾನೆ, ಕೈಯಾಡಿಸುತ್ತಾನೆ ಅಂದುಕೊಂಡಿದ್ದೆ. ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಈ ದೇಶದ ನೀರಿಗಿಂತ ಮೇಲಲ್ಲವೇ?

ಇಲ್ಲಿ ಯಾರೂ ಅವನನ್ನು ಬೈದಿಲ್ಲ, ಅವನಿಂದ ಏನನ್ನೂ ಕಿತ್ತುಕೊಂಡಿಲ್ಲ. ಕೇಳಿ ಬಂದ ಔಷಧಿ ಪುಕ್ಕಟೆಯಾಗಿ ಸಿಕ್ಕಿದೆ. ಆದರೂ ಸಿಟ್ಟು ಬಂತು, ಏಕೆಂದರೆ ಬರುವ ದಾರಿಯಲ್ಲೇ ಅವನು ಮನಸ್ಸಿನಲ್ಲಿ ಒಂದು ದೃಶ್ಯ ಬರೆದುಕೊಂಡಿದ್ದ. ಅದರ ನಡುವೆ ತಾನಿದ್ದ. ‘ನಾನು ಅಂದುಕೊಂಡಿದ್ದೆ’ ಎಂಬ ಮಾತೇ ಇಡೀ ಪ್ರಸಂಗದ ಕೀಲಿ. ಸಿಟ್ಟು ಬಂದಾಗ ‘ಅವರು ಏನು ಮಾಡಿದರು’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಅವರು ಏನು ಮಾಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ’ ಎಂಬುದನ್ನೂ ಬರೆದರೆ, ಎಷ್ಟೋ ಸಲ ಗರ್ವ ಕೂತ ಜಾಗ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗುತ್ತದೆ. ಮದುವೆಗೆ ಮನೆಗೆ ಬಂದು ಕರೆಯದೆ ವಾಟ್ಸಾಪಿನಲ್ಲಿ ಆಹ್ವಾನ ಕಳಿಸಿದರು ಎಂದು ಮುನಿಸಿಕೊಂಡ ನೆಂಟರಿಗೂ ನಾಮಾನನಿಗೂ ನಡುವೆ ದೂರ ಕಮ್ಮಿ.

ಅವನ ಸೇವಕರು ಸಿಟ್ಟಿಳಿಸಿದ ರೀತಿಯೂ ನೋಡುವಂಥದ್ದು. ಅವರು ವಾದಕ್ಕಿಳಿಯಲಿಲ್ಲ, ‘ನಿಮ್ಮದೇ ತಪ್ಪು’ ಎನ್ನಲಿಲ್ಲ. ಹತ್ತಿರ ಹೋಗಿ ‘ಅಪ್ಪಾ’ ಎಂದು ಕರೆದು ಒಂದೇ ಪ್ರಶ್ನೆ ಕೇಳಿದರು: ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ? ಸಣ್ಣ ಕೆಲಸವಾದ್ದರಿಂದ ತಾನೇ ಕಷ್ಟವಾದದ್ದು ಎಂಬುದನ್ನು ಅವನ ಬಾಯಿಂದಲೇ ಹೊರಡಿಸುವ ಪ್ರಶ್ನೆ ಅದು. ನಾಮಾನ ರಥ ಇಳಿದು ಏಳು ಸಲ ಮುಳುಗಿದ.

ಹಾಗಾದರೆ ಯೇಸುವಿನ ಕೋಪ?

ಎಲ್ಲ ಕೋಪಕ್ಕೂ ಗರ್ವವೇ ಬೇರು ಎಂದು ಹೇಳಿ ಮುಗಿಸಿದರೆ ದೇವಾಲಯದ ಪ್ರಸಂಗ ಅಡ್ಡ ಬರುತ್ತದೆ. ಅದನ್ನು ತಮ್ಮ ಕೂಗಾಟಕ್ಕೆ ಸಮರ್ಥನೆಯಾಗಿ ಬಳಸುವವರೂ ಇದ್ದಾರೆ. ಸುವಾರ್ತೆಗಳ ವಿವರ ಮಾತ್ರ ಅವರಿಗೆ ಅಷ್ಟಾಗಿ ನೆರವಾಗುವುದಿಲ್ಲ.

ಮಾರ್ಕ 11:11ರ ಪ್ರಕಾರ ಯೇಸು ಹಿಂದಿನ ಸಂಜೆಯೇ ದೇವಾಲಯಕ್ಕೆ ಹೋಗಿ ಸುತ್ತ ಎಲ್ಲವನ್ನೂ ನೋಡಿದ್ದರು. ಹೊತ್ತು ಮೀರಿತ್ತೆಂದು ಮೂರು ಕಿ.ಮೀ. ದೂರದ ಬೇಥಾನ್ಯಕ್ಕೆ ಹೋಗಿ ರಾತ್ರಿ ಕಳೆದರು. ಮೇಜು ಉರುಳಿದ್ದು ಮರುದಿನ. ಯೋಹಾನನ ಸುವಾರ್ತೆಯಲ್ಲಿ ಮೊದಲು ಹಗ್ಗಗಳಿಂದ ಚಾವಟಿ ಹೆಣೆಯುತ್ತಾರೆ. ಹಗ್ಗ ಹೆಣೆಯಲು ಹೊತ್ತು ಬೇಕು. ಪಾರಿವಾಳ ಮಾರುವವರ ಆಸನಗಳನ್ನೂ ಕೆಡವಿದರು ಎಂಬುದು ಇನ್ನೊಂದು ವಿವರ. ಕುರಿ ಕೊಳ್ಳಲಾಗದ ಬಡವರಿಗೆ ಧರ್ಮಶಾಸ್ತ್ರ ಬಿಟ್ಟಿದ್ದ ಬಲಿ ಪಾರಿವಾಳ. ಯೇಸು ಕೂಸಾಗಿದ್ದಾಗ ಮರಿಯಳು ಅರ್ಪಿಸಿದ್ದೂ ಅದನ್ನೇ. ಅದೇ ಯೇಸು ತಮ್ಮ ಮೇಲೆ ಉಗಿದಾಗ, ಮುಳ್ಳಿನ ಕಿರೀಟ ಒತ್ತಿದಾಗ ಕೆರಳಲಿಲ್ಲ.

ಮಾರ್ಕ 3:5ರಲ್ಲಿ ಬತ್ತಿದ ಕೈಯವನನ್ನು ಯೆಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ತಿನಲ್ಲಿ ವಾಸಿ ಮಾಡಬಾರದೆಂದು ಹೊಂಚುವವರನ್ನು ಅವರು ಕೋಪದಿಂದ ನೋಡುತ್ತಾರೆ. ಆ ಕೋಪದ ಜೊತೆಗೇ ಅವರ ಕಲ್ಲುಮನಸ್ಸಿಗಾಗಿ ದುಃಖಪಟ್ಟರು ಎಂದಿದೆ. ಮರುಕ್ಷಣ ನಡೆದದ್ದು ಗುಣಪಡಿಸುವ ಕೆಲಸ. ಈ ಎರಡು ಪ್ರಸಂಗಗಳಿಂದ ಮೂರು ಅಳತೆಗೋಲು ಸಿಗುತ್ತವೆ: ಕೋಪ ಯಾರಿಗಾಗಿ ಬಂತು, ಅದರಲ್ಲಿ ಎದುರಿನವರಿಗಾಗಿ ಮರುಕವಿದೆಯೇ, ಅದು ಕೊನೆಗೆ ಏನು ಮಾಡಿತು.

ಪರಂಪರೆಯೊಳಗೂ ಇಲ್ಲಿ ಒಮ್ಮತವಿಲ್ಲ. ಮತ್ತಾಯ 5:22ರಲ್ಲಿ ಸಹೋದರನ ಮೇಲೆ ಕೋಪಗೊಳ್ಳುವವನು ನ್ಯಾಯತೀರ್ಪಿಗೆ ಗುರಿ ಎಂಬ ಮಾತಿಗೆ ಕೆಲವು ಹಸ್ತಪ್ರತಿಗಳು ‘ಕಾರಣವಿಲ್ಲದೆ’ ಎಂದು ಸೇರಿಸುತ್ತವೆ. ನಾಲ್ಕನೇ ಶತಮಾನದ ವ್ಯಾಟಿಕನಸ್ ಹಸ್ತಪ್ರತಿಯಲ್ಲಿ ಆ ಪದವಿಲ್ಲ. ಆ ಪದ ಅನಗತ್ಯ, ತನ್ನ ಕೋಪಕ್ಕೆ ಕಾರಣವಿಲ್ಲ ಎಂದು ಒಪ್ಪುವ ಕೋಪಿಷ್ಠ ಎಲ್ಲಿದ್ದಾನೆ ಎಂಬುದು ಕ್ಯಾಸಿಯನ್ ವಾದ. ಅವರ ಪ್ರಕಾರ ಕೋಪಕ್ಕೆ ಇರುವ ಸರಿಯಾದ ಬಳಕೆ ಒಂದೇ, ಅದು ನಮ್ಮದೇ ದುರ್ಗುಣಗಳ ಮೇಲೆ. ಗ್ರೆಗೊರಿ ಸ್ವಲ್ಪ ಜಾಗ ಬಿಟ್ಟರು: ದುರ್ಗುಣದ ಕೋಪ ಮನಸ್ಸಿನ ಕಣ್ಣನ್ನು ಕುರುಡಾಗಿಸುತ್ತದೆ, ಧರ್ಮಾಸಕ್ತಿಯ ಕೋಪ ಕಣ್ಣಿಗೆ ಔಷಧಿ ಹಾಕಿದಾಗಿನ ಮಂಜಿನಂತೆ ಸ್ವಲ್ಪ ಹೊತ್ತು ಕಲಕಿ ಆಮೇಲೆ ನೋಟವನ್ನು ತಿಳಿಯಾಗಿಸುತ್ತದೆ. ಅಕ್ವಿನಾಸ್ ಇನ್ನೂ ಮುಂದೆ ಹೋಗಿ, ಅನ್ಯಾಯ ಕಂಡೂ ಕೋಪ ಬಾರದಿರುವುದೇ ಕೆಲವೊಮ್ಮೆ ದೋಷ ಎಂದರು. ಆದರೆ ಅಲ್ಲೂ ವಿಚಾರ ಮುಂದೆ, ಕೋಪ ಅದರ ಹಿಂದೆ ಬರಬೇಕು. ಔಷಧಿ ಹಾಕಿದ ಮಂಜು ಇನ್ನೂ ಕಣ್ಣಲ್ಲಿರುವಾಗ ಗಾಡಿ ಓಡಿಸಬಾರದು ಎಂಬುದು ನಾವು ಸೇರಿಸಿಕೊಳ್ಳಬಹುದಾದ ಟಿಪ್ಪಣಿ.

ಸಂಜೆಯೊಳಗೆ ಬಟವಾಡೆ

‘ಸೂರ್ಯ ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬೇಡಿ’ ಎಂಬುದು ಎಫೆಸ 4:26ರ ಆಶಯ. ಈ ಗಡುವಿಗೆ ಹಿನ್ನೆಲೆಯಿದೆ. ಯೆಹೂದಿ ಲೆಕ್ಕದಲ್ಲಿ ಸೂರ್ಯ ಮುಳುಗಿದರೆ ದಿನ ಮುಗಿಯಿತು. ಧರ್ಮೋಪದೇಶಕಾಂಡ 24:15ರಲ್ಲಿ ಬಡ ಕೂಲಿಯವನ ಕೂಲಿಯನ್ನು ಅಂದೇ, ಸೂರ್ಯ ಮುಳುಗುವ ಮುಂಚೆ ಕೊಡಬೇಕೆಂಬ ನಿಯಮವಿದೆ. ಕೋಪವನ್ನೂ ದಿನಗೂಲಿಯ ಹಾಗೆ ನೋಡಿದರೆ ಅರ್ಥ ಸ್ಪಷ್ಟ, ಅಂದಿನದು ಅಂದೇ ಚುಕ್ತಾ. ಮುಂದಿನ ವಚನ ಸೈತಾನನಿಗೆ ‘ಜಾಗ’ ಕೊಡಬೇಡಿ ಎನ್ನುತ್ತದೆ. ರಾತ್ರಿಯಿಡೀ ಉಳಿದ ಸಿಟ್ಟಿಗೆ ಬಡ್ಡಿ ಬೆಳೆಯುತ್ತದೆ, ನೆನಪು ಹಳೆಯ ಜಗಳಗಳನ್ನೂ ಅಸಲಿಗೆ ಸೇರಿಸುತ್ತದೆ.

ಇದನ್ನು ತಪ್ಪಾಗಿ ಹಿಡಿಯುವವರೂ ಉಂಟು. ರಾತ್ರಿ ಹನ್ನೊಂದಕ್ಕೆ ಗಂಡ ಹೆಂಡತಿ ದಣಿದಿರುವಾಗ, ‘ಇವತ್ತೇ ಇತ್ಯರ್ಥ ಆಗಬೇಕು’ ಎಂದು ಕೂತರೆ ಜಗಳ ಎರಡಾಗುತ್ತದೆ. ಗಡುವು ಇರುವುದು ಕೋಪಕ್ಕೆ, ವ್ಯಾಜ್ಯಕ್ಕಲ್ಲ. ‘ನಾಳೆ ತಿಂಡಿ ಆದಮೇಲೆ ಮಾತಾಡೋಣ, ಇವತ್ತು ನಿನ್ನ ಮೇಲೆ ಹಗೆ ಇಟ್ಟುಕೊಂಡು ಮಲಗುವುದಿಲ್ಲ’ ಎಂದರೂ ಗಡುವು ಪಾಲಿಸಿದಂತೆಯೇ.

ರಾಜಿಯ ಕ್ರಮಕ್ಕೆ ಮತ್ತಾಯನ ಸುವಾರ್ತೆಯಲ್ಲಿ ಎರಡು ಸೂಚನೆಗಳಿವೆ. 5:23–24ರಲ್ಲಿ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗಿ ರಾಜಿಯಾಗು ಎನ್ನುವುದು ನಿನಗೆ ಬೇಸರವಾಗಿದ್ದರೆ ಎಂದಲ್ಲ, ನಿನ್ನ ಸಹೋದರನಿಗೆ *ನಿನ್ನ ಮೇಲೆ* ಬೇಸರವಿದ್ದರೆ ಎಂದು. ಕೇಳುತ್ತಿದ್ದವರು ಗಲಿಲಾಯದವರು, ಬಲಿಪೀಠ ಇದ್ದದ್ದು ನೂರು ಕಿ.ಮೀ.ಗೂ ದೂರದ ಯೆರೂಸಲೇಮಿನಲ್ಲಿ. ಹೋಗಿಬರಲು ದಿನಗಟ್ಟಲೆ ನಡಿಗೆ. ಬೇರೆಯವರು ನಮಗೆ ತಪ್ಪು ಮಾಡಿದ್ದರೆ ಏನು ಮಾಡಬೇಕೆಂದು 18:15–17 ಹೇಳುತ್ತದೆ: ಮೊದಲು ಇಬ್ಬರೇ ಇರುವಾಗ ಮಾತು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿ, ಆಮೇಲೆ ಸಭೆ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಮೊದಲು ಊರಿಗೆಲ್ಲ, ಕೊನೆಗೆ ಅವರಿಗೆ.

ದಿನದ ಅಭ್ಯಾಸಗಳು

ಎವಾಗ್ರಿಯಸ್ ಕೆರಳಿದ ಮನಸ್ಸಿಗೆ ಮೂರು ಔಷಧಿ ಬರೆದರು: ಕೀರ್ತನೆ ಹಾಡುವುದು, ತಾಳ್ಮೆ, ಕರುಣೆಯ ಕೆಲಸ. ಹಾಡಿನಿಂದ ಉಸಿರು ಉದ್ದವಾಗುತ್ತದೆ (ಉದ್ದ ಮೂಗು ಮತ್ತೆ ಬಂತು). ಹಳೆಯ ಹಗೆಗೆ ಅವರ ಮದ್ದು ಉಡುಗೊರೆ. ನಾನೂರು ಜನರೊಂದಿಗೆ ಬರುತ್ತಿದ್ದ, ಹಿಂದೆ ಮುನಿದಿದ್ದ ಅಣ್ಣ ಏಸಾವನಿಗೆ ಯಾಕೋಬ ಆಡು, ಕುರಿ, ಒಂಟೆ, ಹಸು, ಕತ್ತೆಗಳೆಂದು ಐನೂರಕ್ಕೂ ಮಿಕ್ಕಿ ಜಾನುವಾರು ಕಳಿಸಿದ್ದನ್ನು ನೆನಪಿಸಿ, ಬಡವರಾದ ನಾವು ಅದನ್ನು ಊಟದ ಮೇಜಿನಿಂದ ತೀರಿಸೋಣ ಎನ್ನುತ್ತಾರೆ. ಮಾತು ಬಿಟ್ಟವರನ್ನು ಊಟಕ್ಕೆ ಕರೆಯುವುದು ಸಾವಿರದ ಆರುನೂರು ವರ್ಷ ಹಳೆಯ ಚಿಕಿತ್ಸೆ.

ಲೆಕ್ಕ ಇಡುವ ಕ್ರಮ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ (1491–1556) ಅವರದು. ಒಂದು ಸಲಕ್ಕೆ ಒಂದೇ ದೋಷ ಆರಿಸಿಕೊಳ್ಳಬೇಕು. ಬೆಳಗ್ಗೆ ಏಳುತ್ತಲೇ ಸಂಕಲ್ಪ. ಪ್ರತಿ ಸಲ ಎಡವಿದಾಗ ಎದೆಯ ಮೇಲೆ ಕೈಯಿಡಬೇಕು, ಪಕ್ಕದವರಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಒಮ್ಮೆ, ರಾತ್ರಿ ಊಟದ ನಂತರ ಇನ್ನೊಮ್ಮೆ, ಗಂಟೆ ಗಂಟೆಯಾಗಿ ನೆನೆದು ಎಷ್ಟು ಸಲ ಎಂದು ಗೆರೆಯ ಮೇಲೆ ಚುಕ್ಕೆ ಹಾಕಬೇಕು. ವಾರಕ್ಕೆ ಏಳು ಜೋಡಿ ಗೆರೆ. ಎರಡನೇ ಗೆರೆ ಮೊದಲನೆಯದಕ್ಕಿಂತ, ಈ ವಾರ ಹೋದ ವಾರಕ್ಕಿಂತ ಇಳಿದಿದೆಯೇ ಎಂದು ಹೋಲಿಸಬೇಕು. ‘ಇನ್ನು ಸಿಟ್ಟೇ ಮಾಡುವುದಿಲ್ಲ’ ಎಂಬ ಪ್ರತಿಜ್ಞೆ ಮೂರು ದಿನ ನಿಲ್ಲುತ್ತದೆ. ಚುಕ್ಕೆಗಳು ಮಾತ್ರ ಯಾವ ಹೊತ್ತು, ಯಾರ ಮುಂದೆ, ಹಸಿದಾಗಲೋ ದಣಿದಾಗಲೋ ಎಂಬುದನ್ನು ತೋರಿಸಿಬಿಡುತ್ತವೆ.

ಗರ್ವವನ್ನು ನೇರವಾಗಿ ಎದುರಿಸಲು ಹೋದರೆ ‘ನಾನೀಗ ಎಷ್ಟು ವಿನಯವಂತ’ ಎಂಬ ಹೊಸ ಗರ್ವ ಹುಟ್ಟುತ್ತದೆ. ಹಾಗಾಗಿ ಆರನೇ ಶತಮಾನದ ಬೆನೆಡಿಕ್ಟ್ ಮಠದ ನಿಯಮದಲ್ಲಿ ಅದನ್ನು ಕೈಕೆಲಸಕ್ಕೆ ಕಟ್ಟಿಹಾಕಿದರು. ಅಡುಗೆಮನೆಯ ಸರದಿ ವಾರಕ್ಕೊಬ್ಬರದು. ಶನಿವಾರ ಸರದಿ ಮುಗಿಸುವವರು ಒರೆಸುವ ಬಟ್ಟೆಗಳನ್ನೆಲ್ಲ ಒಗೆಯಬೇಕು, ಹೊಸದಾಗಿ ಸರದಿಗೆ ಬರುವವರೊಂದಿಗೆ ಸೇರಿ ಎಲ್ಲರ ಕಾಲು ತೊಳೆಯಬೇಕು. ಕುಶಲಕರ್ಮಿಯೊಬ್ಬ ತನ್ನಿಂದಲೇ ಮಠಕ್ಕೆ ಲಾಭ ಎಂದು ಬೀಗಿದರೆ ಅವನನ್ನು ಆ ಕಸುಬಿನಿಂದಲೇ ತೆಗೆಯಬೇಕು. ಪವಿತ್ರ ಗುರುವಾರ ನಮ್ಮೂರ ಚರ್ಚುಗಳಲ್ಲೂ ಪಾದ ತೊಳೆಯುವ ವಿಧಿ ನಡೆಯುತ್ತದೆ, ವರ್ಷಕ್ಕೊಮ್ಮೆ. ಬೆನೆಡಿಕ್ಟ್ ಲೆಕ್ಕದಲ್ಲಿ ಅದು ವಾರದ ಕೆಲಸ.

ಎಲ್ಲಿ ದಾರಿ ತಪ್ಪುತ್ತದೆ

ಸಿಟ್ಟನ್ನು ನುಂಗಿಕೊಳ್ಳುವುದನ್ನೇ ಸೌಮ್ಯತೆ ಎಂದು ತಿಳಿಯುವುದು ಮೊದಲ ತಪ್ಪು. ಮಾತು ನಿಲ್ಲಿಸಿ, ಪಾತ್ರೆ ಕುಕ್ಕಿ, ವಾರಗಟ್ಟಲೆ ಮುಖ ಊದಿಸಿಕೊಂಡಿರುವುದನ್ನು ಅಕ್ವಿನಾಸ್ ಕೋಪದ ಮೂರು ಬಗೆಗಳಲ್ಲೊಂದಾಗಿ, ಅರಿಸ್ಟಾಟಲ್‌ನಿಂದ ಎರವಲು ಪಡೆದು, ‘ಕಹಿ’ ಎಂಬ ಹೆಸರಿನಡಿ ಸೇರಿಸುತ್ತಾರೆ. ಕೂಗದಿದ್ದರೂ ಅದು ಕೋಪವೇ. ಎರಡನೆಯದು ಸುಳ್ಳು ವಿನಯ. ಹನ್ನೆರಡನೇ ಶತಮಾನದ ಮಠಾಧಿಪತಿ ಬರ್ನಾರ್ಡ್ ಗರ್ವದ ಹನ್ನೆರಡು ಮೆಟ್ಟಿಲು ಎಣಿಸಿ, ಒಂಬತ್ತನೆಯದು ಕಪಟ ನಿವೇದನೆ ಎಂದರು. ‘ನಾನು ಮಹಾಪಾಪಿ’ ಎಂದು ತಾನೇ ಹೇಳಿಕೊಳ್ಳುವವನಿಗೆ ‘ಹೌದು, ಮೊನ್ನೆ ಇಂಥದ್ದು ಮಾಡಿದೆ’ ಎಂದು ಬೇರೆಯವರು ಹೇಳಿ ನೋಡಿದರೆ ಗೊತ್ತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಹಾನಿಕರ. ಹೊಡೆತ ತಿನ್ನುವ ಹೆಂಡತಿಗೆ ‘ತಗ್ಗಿಸಿಕೋ’ ಎಂದು, ಕೂಲಿ ಕೇಳಿದ ಆಳಿಗೆ ‘ಇದು ನಿನ್ನ ಗರ್ವ’ ಎಂದು ಹೇಳಲು ಇದೇ ವಚನಗಳನ್ನು ಬಳಸುತ್ತಾರೆ. ಇನ್ನೊಂದು ಕೆನ್ನೆಯ ಮಾತನ್ನೇ ನೋಡಿ. ಮತ್ತಾಯ 5:39ರಲ್ಲಿ ಇರುವುದು ‘ಬಲಗೆನ್ನೆ’. ಎದುರು ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಹಿಂಗೈಯಿಂದಲೇ ಹೊಡೆಯಬೇಕು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯೆಹೂದಿ ನ್ಯಾಯಸಂಗ್ರಹ ಮಿಶ್ನಾದಲ್ಲಿ ಅಂಗೈ ಏಟಿಗೆ ದಂಡ 200 ಜೂಜ್ ನಾಣ್ಯ, ಹಿಂಗೈ ಏಟಿಗೆ 400. ನೋವಿಗಿಂತ ಅವಮಾನ ಹೆಚ್ಚೆಂಬುದೇ ಕಾರಣ. ಆ ವಚನದ ವಿಷಯ ಅವಮಾನಕ್ಕೆ ಸೇಡು ತೀರಿಸಿಕೊಳ್ಳದಿರುವುದು. ಮೈಮೇಲೆ ಬೀಳುವ ಹೊಡೆತವನ್ನು ಮುಚ್ಚಿಟ್ಟು ಸಹಿಸಬೇಕೆಂಬ ಅಪ್ಪಣೆ ಅದರಲ್ಲಿಲ್ಲ. ಮನೆಯಲ್ಲಿ ಕೈ ಎತ್ತುವ ಮಟ್ಟಕ್ಕೆ ಹೋದರೆ ಮಹಿಳಾ ಸಹಾಯವಾಣಿ 181 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದಕ್ಕೂ ಗರ್ವಕ್ಕೂ ಸಂಬಂಧವಿಲ್ಲ.

ಯೇಸುವೇ ವಿಚಾರಣೆಯಲ್ಲಿ ಕೆನ್ನೆಗೆ ಏಟು ಬಿದ್ದಾಗ ಸುಮ್ಮನಿರಲಿಲ್ಲ. ತಪ್ಪಾಗಿ ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಏಕೆ ಹೊಡೆಯುತ್ತೀ ಎಂದು ಕೇಳಿದರು (ಯೋಹಾನ 18:23). ಕೈ ಎತ್ತಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಛಡಿಯೇಟು ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ ಪೌಲ ಒಪ್ಪಲಿಲ್ಲ. ರೋಮಿನ ಪೌರರಾದ ನಮ್ಮನ್ನು ಎಲ್ಲರೆದುರು ಹೊಡೆಸಿದ್ದಾರೆ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದ. ಅಧಿಕಾರಿಗಳು ಬಂದು ಕೇಳಿಕೊಂಡರು. ಪೌಲ ಅವರಿಗೆ ಬೇರೇನನ್ನೂ ಮಾಡಲಿಲ್ಲ. ಸೆರೆಯಿಂದ ನೇರ ಲುದ್ಯಳ ಮನೆಗೆ ಹೋಗಿ, ಅಲ್ಲಿದ್ದ ಸಹೋದರರಿಗೆ ಧೈರ್ಯ ಹೇಳಿ, ಊರು ಬಿಟ್ಟು ಹೊರಟ.